ಆ ನಲವತ್ನಾಲ್ಕು ಪರ್ಸೆಂಟ್ ಹುಚ್ಚರ ಪರವಾಗಿ

ಇದು ಒಂದು ವಾಟ್ಸಾಪ್ ಜಗಳದಿಂದ ಹುಟ್ಟಿದ ಬರಹ. ಹಾಗಾಗಿ ಸ್ವಲ್ಪ ಬಿಸಿ ಇರತ್ತೆ, ಸಹಿಸಿಕೊಳ್ಳಿ.

ಮ್ಯೂನಿಕ್‌ನಲ್ಲಿ ಕೆಲಸ ಮಾಡೋ ನಮ್ಮಂಥ ನಲವತ್ತೈವತ್ತು ಕನ್ನಡದವರದ್ದೊಂದು ಗ್ರೂಪ್ ಇದೆ. ಬಾಡಿಗೆ ಮನೆ, ವೀಸಾ, ಒಳ್ಳೆ ಕೊತ್ತಂಬರಿ ಸೊಪ್ಪು ಎಲ್ಲಿ ಸಿಗತ್ತೆ, ಬೆಂಗಳೂರಿಂದ ಬರೋರು ಯಾರಾದ್ರೂ ಎರಡು ಕೆಜಿ ಗಟ್ಟಿ ಅವಲಕ್ಕಿ ತರ್ತೀರಾ, ಇಂಥವೇ ಮಾತು. 2025ರ ಜುಲೈ 12, ಶನಿವಾರ, ಅದರಲ್ಲಿ ಒಂದೇ ಸಮನೆ ಫೋಟೋ ಬೀಳೋಕೆ ಶುರುವಾಯ್ತು. ಬವೇರಿಯಾದ ರಾಜ ಎರಡನೇ ಲುಡ್ವಿಗ್ ಕಟ್ಟಿಸಿದ ಅರಮನೆಗಳು ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ದಿನ ಅದು. ಸೇರಿದ್ದು ನಾಲ್ಕು: ಲಿಂಡರ್‌ಹೋಫ್, ಶಾಖೆನ್, ಹೆರೆನ್‌ಕೀಮ್‌ಸೇ ಮತ್ತು ನಾಯ್‌ಶ್ವಾನ್‌ಷ್ಟೈನ್. ಆದರೆ ಫೋಟೋ ಮಾತ್ರ ಎಲ್ಲರದ್ದೂ ಕೊನೆಯದ್ದೇ. ಬಿಳಿ ಗೋಪುರ, ಹಿಂದೆ ಆಲ್ಪ್ಸ್, ಮುಂದೆ ನಮ್ಮ ಹಲ್ಲು. ‘ನಮ್ಮ ಕ್ಯಾಸಲ್‌ಗೆ ಯುನೆಸ್ಕೋ ಬಂತು’ ಅಂತ ಒಬ್ಬರು ಹಾಕಿದ್ದರು. ನಮ್ಮದು ಯಾವಾಗ ಆಯ್ತೋ ಗೊತ್ತಿಲ್ಲ, ಇರಲಿ.

ಅಷ್ಟರಲ್ಲಿ ಯಾರೋ ಒಂದು ಹಳೇ ಸುದ್ದಿ ಹಾಕಿದರು. ಈ ಯುನೆಸ್ಕೋ ಅರ್ಜಿಗೆ ಮೊದಲು, 2023ರ ಜೂನ್‌ನಲ್ಲಿ, ಕೋಟೆ ಇರೋ ಹಳ್ಳಿಯವರು ಓಟು ಹಾಕಿದ್ದರು. ಸುಮಾರು 56 ಪರ್ಸೆಂಟ್ ಜನ ಬೇಕು ಅಂದರು, 44 ಪರ್ಸೆಂಟ್ ಬೇಡ ಅಂದರು. ಅದರ ಕೆಳಗೆ ಬಂದ ಉತ್ತರ ಹೀಗಿತ್ತು: ‘44% ಹುಚ್ಚರು. ಮನೆ ಬಾಗಿಲಿಗೆ ಬಂದ ಲಕ್ಷ್ಮೀನ ಒದೀತಾರಲ್ಲ ಗುರು.’ ಅದಕ್ಕೆ ಇಪ್ಪತ್ತು ಮೂವತ್ತು ನಗುವ ಮುಖಗಳು. ನಾನು ಉದ್ದ ಉತ್ತರ ಟೈಪ್ ಮಾಡಿದೆ, ಅಳಿಸಿದೆ. ಮತ್ತೆ ಟೈಪ್ ಮಾಡಿದೆ, ಮತ್ತೆ ಅಳಿಸಿದೆ. ಗ್ರೂಪಲ್ಲಿ ಹೇಳಲಾಗದ್ದನ್ನ ಇಲ್ಲಿ ಹೇಳ್ತಿದ್ದೀನಿ. ಆ ಹುಚ್ಚರ ಪರವಾಗಿ ನನಗೆ ನಾಲ್ಕು ಮಾತಿದೆ.

ಮೊದಲು ಹೆಸರಿನ ತಮಾಷೆ ಮುಗಿಸಿಬಿಡೋಣ. ಊರಿನ ಹೆಸರು ಶ್ವಾನ್‌ಗೌ, ಕೋಟೆಯ ಹೆಸರು ನಾಯ್‌ಶ್ವಾನ್‌ಷ್ಟೈನ್. ಕನ್ನಡದವರ ಕಿವಿಗೆ ನಾಯಿ, ಶ್ವಾನ ಎರಡೂ ಒಟ್ಟಿಗೇ ಬೊಗಳತ್ತೆ. ಕರಕೊಂಡು ಹೋದ ಪ್ರತಿ ನೆಂಟರೂ ಈ ಜೋಕ್ ತಮಗೇ ಮೊದಲು ಹೊಳೆದದ್ದು ಅನ್ನೋ ಹಾಗೆ ಹೇಳಿದ್ದಾರೆ. ಜರ್ಮನ್‌ನಲ್ಲಿ ಶ್ವಾನ್ ಅಂದರೆ ಹಂಸ, ನಾಯ್ ಅಂದರೆ ಹೊಸ, ಷ್ಟೈನ್ ಅಂದರೆ ಕಲ್ಲು. ಹೊಸ ಹಂಸಕಲ್ಲು. ಲುಡ್ವಿಗ್ ಬದುಕಿದ್ದಾಗ ಈ ಹೆಸರೇ ಇರಲಿಲ್ಲ, ಅವನು ಸತ್ತ ಮೇಲೆ ಇಟ್ಟಿದ್ದು.

ಶ್ವಾನ್‌ಗೌ ಒಂದು ಗೆಮೈಂಡೆ, ನಮ್ಮ ಗ್ರಾಮ ಪಂಚಾಯ್ತಿ ಇದ್ದ ಹಾಗೆ. ಜನಸಂಖ್ಯೆ ಸುಮಾರು 3,300. ಹಾಲು, ಚೀಸು, ಹುಲ್ಲುಗಾವಲಿನ ಸೀಮೆ. ಕೊರೋನಾಕ್ಕೆ ಮೊದಲು ಈ ಕೋಟೆಗೆ ವರ್ಷಕ್ಕೆ 14 ಲಕ್ಷ ಜನ ಬರ್ತಿದ್ದರು. ಬೇಸಿಗೆಯಲ್ಲಿ ಒಂದೇ ದಿನ ಆರು ಸಾವಿರ ಜನ ಒಳಗೆ ಹೋಗಿ ಬಂದದ್ದುಂಟು. ಒಳಗೆ ಹೋಗದೆ ಹೊರಗಿಂದಲೇ ಫೋಟೋ ಹೊಡೆದು ವಾಪಸ್ ಬರೋರ ಲೆಕ್ಕ ಬೇರೆ. ಭಾಗಿಸಿ ನೋಡಿದರೆ ಊರಿನ ಒಬ್ಬೊಬ್ಬರಿಗೆ, ತೊಟ್ಟಿಲ ಮಗುವನ್ನೂ ಸೇರಿಸಿ, ನಾನೂರಕ್ಕೂ ಮೇಲೆ ಅತಿಥಿಗಳು.

ಇದು ನಿಮಗೆ ಬರೀ ಅಂಕಿ ಅನ್ನಿಸಿದರೆ ಹೀಗೆ ಯೋಚನೆ ಮಾಡಿ. 3,300 ಜನ ಅಂದರೆ ಸರ್ಜಾಪುರ ರೋಡಿನ ಒಂದು ದೊಡ್ಡ ಅಪಾರ್ಟ್‌ಮೆಂಟ್. ಅದರ ಹಿಂದೆ ಒಂದು ಗುಡ್ಡ, ಗುಡ್ಡದ ಮೇಲೊಂದು ಚಂದದ ಕಟ್ಟಡ. ಅದನ್ನ ನೋಡೋಕೆ ದಿನಾ ಆರು ಸಾವಿರ ಜನ ನಿಮ್ಮ ಗೇಟಿನ ಮುಂದೆಯೇ ಹಾದು ಹೋಗಬೇಕು. ಟಿಕೆಟ್ ದುಡ್ಡು ನಿಮ್ಮ ಅಸೋಸಿಯೇಷನ್‌ಗೆ ಬರಲ್ಲ, ರಾಜ್ಯ ಸರ್ಕಾರಕ್ಕೆ ಹೋಗತ್ತೆ. ನಾನು ಬೆಂಗಳೂರಲ್ಲಿದ್ದಾಗ ನಮ್ಮ ಅಪಾರ್ಟ್‌ಮೆಂಟಲ್ಲಿ ಡೆಲಿವರಿ ಹುಡುಗರು ಯಾವ ಲಿಫ್ಟಲ್ಲಿ ಹೋಗಬೇಕು ಅನ್ನೋದಕ್ಕೆ ಮೂರು ಮೀಟಿಂಗ್ ಆಗಿತ್ತು. ಗೆಸ್ಟ್ ಪಾರ್ಕಿಂಗ್ ವಿಷಯಕ್ಕೆ ಇಬ್ಬರು ಈಗಲೂ ಮಾತಾಡಲ್ಲ. ಅಂಥ ನಾವು, ಇನ್ನೂ ಹೆಚ್ಚು ಜನ ಬರ್ತಾರೇನೋ ಅಂತ ಹೆದರಿ ಬೇಡ ಅಂದ ಹಳ್ಳಿಯವರನ್ನ ಹುಚ್ಚರು ಅಂತೀವಿ.

ಇನ್ನು ಆ ಕೋಟೆ. ನನಗೆ ಅದರ ಮೇಲೆ ಸಿಟ್ಟಿಲ್ಲ. ಏಳು ಸಲ ಹೋಗಿದ್ದೀನಿ, ಪ್ರತಿ ಸಲವೂ ತಿರುವಿನಲ್ಲಿ ಕಂಡ ಕೂಡಲೇ ಒಂದು ಕ್ಷಣ ಉಸಿರು ಹಿಡಿಯತ್ತೆ. ಆದರೆ ಅದನ್ನ ಮಧ್ಯಯುಗದ ಕೋಟೆ ಅಂದುಕೊಂಡು ಬರೋರು ತುಂಬಾ ಜನ. ನಮ್ಮ ಭಾವ ‘ಇಲ್ಲಿ ಎಷ್ಟು ಯುದ್ಧ ಆಗಿದೆಯೋ’ ಅಂತ ಗೋಡೆ ಮುಟ್ಟಿ ನೋಡಿದರು. ಒಂದೂ ಆಗಿಲ್ಲ ಭಾವ. ಅಡಿಗಲ್ಲು ಇಟ್ಟಿದ್ದೇ 1869ರ ಸೆಪ್ಟೆಂಬರ್‌ನಲ್ಲಿ. ವಸಂತನಗರದ ಪಕ್ಕದ ನಮ್ಮ ಬೆಂಗಳೂರು ಅರಮನೆಗೂ ಇದಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು.

ಲುಡ್ವಿಗ್ 1864ರಲ್ಲಿ ಹದಿನೆಂಟನೇ ವಯಸ್ಸಿಗೆ ರಾಜನಾದ. ಎರಡೇ ವರ್ಷಕ್ಕೆ ಆಸ್ಟ್ರಿಯಾದ ಜೊತೆ ಸೇರಿ ಪ್ರಷ್ಯಾದೆದುರು ಯುದ್ಧ ಸೋತ. 1871ರಲ್ಲಿ ಜರ್ಮನ್ ಸಾಮ್ರಾಜ್ಯ ಆದಾಗ ಬವೇರಿಯಾದ ರಾಜ ಅನ್ನೋದು ಹೆಚ್ಚಿನಂಶ ಹೆಸರಿಗಷ್ಟೇ ಉಳಿದ ಪದವಿ. ಹೊರಗೆ ರಾಜ್ಯ ಸಣ್ಣದಾದ ಹಾಗೆ ಅವನು ಒಳಗೊಂದು ರಾಜ್ಯ ಕಟ್ಟಿಕೊಂಡ. ವಾಗ್ನರನ ಸಂಗೀತ ನಾಟಕಗಳ ಹುಚ್ಚು ಬೇರೆ. ಕೋಟೆಯ ಮೊದಲ ಚಿತ್ರಗಳನ್ನ ಬರೆದವನು ಕ್ರಿಶ್ಚಿಯನ್ ಯಾಂಕ್, ನಾಟಕದ ಪರದೆ ಬರೆಯೋ ಕಲಾವಿದ. ಆಮೇಲೆ ವಾಸ್ತುಶಿಲ್ಪಿಗಳು ಬಂದು ಆ ಪರದೆಗೆ ಅಡಿಪಾಯ ಹಾಕಿದರು. ಒಳಗೆ ಇಟ್ಟಿಗೆ, ಹೊರಗೆ ಬಿಳಿ ಸುಣ್ಣಕಲ್ಲಿನ ಹೊದಿಕೆ. ಬಿಸಿಗಾಳಿಯ ಸೆಂಟ್ರಲ್ ಹೀಟಿಂಗ್, ಮಹಡಿ ಮಹಡಿಗೂ ನಲ್ಲಿ ನೀರು, ಫ್ಲಶ್ ಟಾಯ್ಲೆಟ್, ಆಳು ಕರೆಯೋಕೆ ವಿದ್ಯುತ್ ಗಂಟೆ. ಸಿಂಹಾಸನದ ಕೋಣೆ ಇದೆ, ಸಿಂಹಾಸನ ಇಲ್ಲ, ಅದು ತಯಾರಾಗೋ ಮೊದಲೇ ರಾಜ ಹೋಗಿಬಿಟ್ಟ. ಅವನು ಅಲ್ಲಿ ವಾಸ ಮಾಡಿದ್ದು ಎಲ್ಲ ಸೇರಿಸಿ ಆರು ತಿಂಗಳೂ ಆಗಲ್ಲ. ಯಾರ ಸಂಗೀತಕ್ಕಾಗಿ ಇಷ್ಟೆಲ್ಲ ಕಟ್ಟಿದನೋ ಆ ವಾಗ್ನರ್ ಒಂದು ಸಲವೂ ಬಂದು ನೋಡಲಿಲ್ಲ, 1883ರಲ್ಲೇ ತೀರಿಕೊಂಡ.

ನನಗೆ ಇದರಲ್ಲಿ ಎಲ್ಲಕ್ಕಿಂತ ಮಜಾ ಅನ್ನಿಸೋ ಸಂಗತಿ ಬೇರೆ. ಆ ಬಂಡೆಯ ಮೇಲೆ ನಿಜವಾದ ಮಧ್ಯಯುಗದ ಕೋಟೆಗಳ ಅವಶೇಷ ಇತ್ತು. ಒಂದಲ್ಲ, ಎರಡು ಪಾಳುಕೋಟೆ. ಹಳೇ ವೀರರ ಕೋಟೆಯ ಹಾಗೆ ಕಾಣೋ ಹೊಸ ಕೋಟೆಗೆ ಜಾಗ ಬೇಕು ಅಂತ ಆ ಹಳೇ ವೀರರ ಗೋಡೆಗಳನ್ನೇ ತೆಗೆಸಿ, ಬಂಡೆಗೆ ಮದ್ದು ಇಟ್ಟು ಸಿಡಿಸಿ ಸಮ ಮಾಡಿದರು. ಇವತ್ತು ಅದೇ ಜಾಗ ವಿಶ್ವ ಪರಂಪರೆ. ಕೆಳಗಿನ ರೈತ ಕೊಟ್ಟಿಗೆಗೆ ಹೊಸ ಮಾಡು ಹಾಕಬೇಕಾದರೆ ಪರಂಪರೆಗೆ ಧಕ್ಕೆ ಆಗತ್ತಾ ಅಂತ ಹತ್ತು ಸಲ ಕೇಳಬೇಕಾಗಿ ಬರತ್ತೇನೋ ಅಂತ ಹೆದರಿದ. ಬೇಡ ಅಂದವರ ಎರಡು ಮುಖ್ಯ ಭಯಗಳು ಇವೇ ಆಗಿದ್ದವು: ಇನ್ನೂ ಜನ ಬರ್ತಾರೆ, ನಮ್ಮ ಜಾಗದಲ್ಲಿ ನಾವು ಕಟ್ಟೋದಕ್ಕೆ ಕಟ್ಟುಪಾಡು ಬರತ್ತೆ. ಇದರಲ್ಲಿ ಹುಚ್ಚು ಎಲ್ಲಿದೆ ತೋರಿಸಿ.

ಕಟ್ಟಿದವರು ಯಾರು ಅನ್ನೋದೂ ಕಥೆಯೇ. ದಿನಕ್ಕೆ ಇನ್ನೂರು ಮುನ್ನೂರು ಜನ, ಗಡುವು ಹತ್ತಿರ ಬಂದಾಗ ರಾತ್ರಿ ಎಣ್ಣೆ ದೀಪದಲ್ಲೂ ಕೆಲಸ. ಕಲ್ಲು, ಮರ ಮೇಲೆತ್ತೋಕೆ ಉಗಿ ಯಂತ್ರದ ಕ್ರೇನ್. ಆ ಕಾಲಕ್ಕೆ ಇಡೀ ಸೀಮೆಗೆ ಇದಕ್ಕಿಂತ ದೊಡ್ಡ ಕೆಲಸ ಕೊಡೋರು ಇರಲಿಲ್ಲ. 1870ರಲ್ಲೇ ಕುಶಲಕರ್ಮಿಗಳ ಸಂಘ ಒಂದು ಆಗಿ, ಕಾರ್ಮಿಕರು ಸ್ವಲ್ಪ ರಾಜ ಸ್ವಲ್ಪ ಹಾಕಿ ಒಂದು ನಿಧಿ ಮಾಡಿ, ಕಾಯಿಲೆ ಬಿದ್ದವರಿಗೆ ನೆರವು, ಕೆಲಸದಲ್ಲಿ ಸತ್ತವರ ಮನೆಯವರಿಗೆ ಸಣ್ಣ ಪಿಂಚಣಿ ಕೊಡ್ತಿದ್ದರು. ಪಿಂಚಣಿ ಇತ್ತು ಅಂದರೆ ಸಾಯೋರೂ ಇದ್ದರು ಅಂತ ಅರ್ಥ. ಗೈಡ್ ಮೂವತ್ತು ಚಿಲ್ಲರೆ ನಿಮಿಷದಲ್ಲಿ ನಮ್ಮನ್ನ ಒಳಗಿಂದ ಹೊರಗೆ ತಳ್ಳೋ ಪ್ರವಾಸದಲ್ಲಿ ಈ ಪಿಂಚಣಿ ಕಥೆ ನನ್ನ ಕಿವಿಗೆ ಬಿದ್ದದ್ದಿಲ್ಲ. ಹಂಸದ ಆಕಾರದ ನಲ್ಲಿ ಮಾತ್ರ ಪ್ರತಿ ಸಲ ತೋರಿಸ್ತಾರೆ.

1886ರ ಜೂನ್‌ನಲ್ಲಿ ರಾಜನಿಗೆ ಬುದ್ಧಿಭ್ರಮಣೆ ಅಂತ ಘೋಷಿಸಿ ಅವನನ್ನ ಹಿಡಿದೊಯ್ಯೋಕೆ ಮ್ಯೂನಿಕ್‌ನಿಂದ ಒಂದು ನಿಯೋಗ ಬಂತು. ಅವನನ್ನ ಖುದ್ದಾಗಿ ಪರೀಕ್ಷೆ ಮಾಡದೆಯೇ ಆ ತೀರ್ಮಾನ ಬರೆದಿದ್ದರು. ಸುದ್ದಿ ತಿಳಿದ ಸುತ್ತಲಿನ ಹಳ್ಳಿಗಳ ಜನ ಕೋಟೆಗೆ ಹತ್ತಿ ಬಂದು ರಾಜನ ಪರ ನಿಂತರು, ಮೊದಲ ನಿಯೋಗ ಬರಿಗೈಯಲ್ಲಿ ಹೋಗಬೇಕಾಯ್ತು. ಎರಡನೇ ಸಲ ಬಂದವರು ಕರಕೊಂಡೇ ಹೋದರು. 13ನೇ ತಾರೀಖು ಅವನ ಹೆಣ ಇನ್ನೊಂದು ಕೆರೆಯಲ್ಲಿ ಸಿಕ್ಕಿತು, ಜೊತೆಗೆ ಅವನಿಗೆ ಹುಚ್ಚು ಅಂತ ಬರೆದುಕೊಟ್ಟ ಡಾಕ್ಟರನದ್ದೂ. ಯಾರನ್ನೂ ಒಳಗೆ ಬಿಟ್ಟುಕೊಳ್ಳದೆ ಒಬ್ಬನೇ ಇರೋಕೆ ಅಂತ ರಾಜ ಕಟ್ಟಿಸಿದ ಮನೆ, ಅವನು ಸತ್ತು ಏಳು ವಾರಕ್ಕೆ, ಆಗಸ್ಟ್ 1ರಂದು, ಟಿಕೆಟ್ ಇಟ್ಟು ತೆರೆದರು. ಕಟ್ಟಿದ ಸಾಲ ತೀರಬೇಕಿತ್ತಲ್ಲ. ಅವತ್ತಿನಿಂದ ಇವತ್ತಿನವರೆಗೆ ಸಾಲು ನಿಂತಿಲ್ಲ. ಮಧ್ಯೆ ನಾಜಿಗಳು ಫ್ರಾನ್ಸಿನ ಯಹೂದಿಗಳ ಮನೆಗಳಿಂದ ದೋಚಿದ ಚಿತ್ರ, ಒಡವೆ, ಪೀಠೋಪಕರಣ ತಂದು ಇಲ್ಲೇ ತುಂಬಿಟ್ಟಿದ್ದರು, 1945ರಲ್ಲಿ ಅಮೆರಿಕದ ಸೇನೆ ಬಂದು ತೆಗೆಯೋವರೆಗೆ.

ಹುಚ್ಚು ಅನ್ನೋ ಪದ ಆ ಗುಡ್ಡದ ಮೇಲೆ ಒಂದು ಸಲ ದುಬಾರಿ ಬಿದ್ದಿದೆ. ಗ್ರೂಪಲ್ಲಿ ಅದನ್ನ ಮತ್ತೆ ಬಳಸಿದವರಿಗೆ ಇದು ಗೊತ್ತಿರಲಿಕ್ಕಿಲ್ಲ.

ಈಗ ‘ಲಕ್ಷ್ಮಿ’ಯ ಮಾತಿಗೆ ಬರ್ತೀನಿ. ಕೋಟೆ ಬವೇರಿಯಾ ರಾಜ್ಯದ್ದು, ಟಿಕೆಟ್ಟಿನ ದುಡ್ಡು ರಾಜ್ಯದ ಅರಮನೆ ಇಲಾಖೆಗೆ. ಶ್ವಾನ್‌ಗೌ ಒಳ್ಳೆ ಹವೆಯ ಊರು ಅಂತ ಮಾನ್ಯತೆ ಇರೋದರಿಂದ ರಾತ್ರಿ ತಂಗೋ ಅತಿಥಿಗಳಿಂದ ಒಂದು ಸಣ್ಣ ತೆರಿಗೆ ಎತ್ತತ್ತೆ. ಆದರೆ ನಮ್ಮಂಥೋರು ತಂಗ್ತೀವಾ? ಬೆಳಿಗ್ಗೆ ಮ್ಯೂನಿಕ್‌ನಿಂದ ಎರಡು ಗಂಟೆ ರೈಲಲ್ಲಿ ಫ್ಯೂಸೆನ್‌ಗೆ, ಅಲ್ಲಿಂದ ಬಸ್ಸಲ್ಲಿ ಕೋಟೆಯ ಬುಡಕ್ಕೆ, ಮನೆಯಿಂದ ತಂದ ಚಿತ್ರಾನ್ನ ಬೆಂಚಿನ ಮೇಲೆ ತಿಂದು, ಸಂಜೆ ಅದೇ ರೈಲಿಗೆ ವಾಪಸ್. ಇಡೀ ಗುಂಪು ಒಂದೇ ಬವೇರಿಯಾ ಡೇ ಟಿಕೆಟ್ಟಲ್ಲಿ. ನಮ್ಮ ಏಳು ಟ್ರಿಪ್‌ನಿಂದ ಶ್ವಾನ್‌ಗೌಗೆ ಹೋದ ದುಡ್ಡು ಅಂದರೆ ಎರಡು ಕಾಫಿ, ಒಂದು ಫ್ರಿಜ್ ಮ್ಯಾಗ್ನೆಟ್ಟು. ಹೋಟೆಲ್ ಇಟ್ಟವರಿಗೆ, ಕುದುರೆಗಾಡಿ ಓಡಿಸೋರಿಗೆ, ಅಂಗಡಿಯವರಿಗೆ ಲಾಭ ಇದೆ, ಇಲ್ಲ ಅನ್ನಲ್ಲ. ಬೇಕು ಅಂದ 56 ಪರ್ಸೆಂಟ್‌ನಲ್ಲಿ ಅವರೂ ಇದ್ದಿರಬಹುದು. ಆದರೆ ಹಾಲು ಕರೆಯೋನ ಮನೆಗೆ ಆ ಲಕ್ಷ್ಮಿ ಬರಲ್ಲ. ಅವನಿಗೆ ಬರೋದು ಟ್ರ್ಯಾಕ್ಟರಿನ ಮುಂದೆ ಹಿಂದೆ ಬಾಡಿಗೆ ಕಾರುಗಳ ಸಾಲು.

ನನ್ನದೇ ಒಂದು ತಪ್ಪು ಒಪ್ಪಿಕೊಳ್ತೀನಿ. ಮೂರು ವರ್ಷದ ಹಿಂದೆ, ಮೇ ತಿಂಗಳು, ಕಸಿನ್‌ಗಳ ಜೊತೆ ಹೋಗಿದ್ದೆ. ಊರಾಚೆ ಹುಲ್ಲುಗಾವಲಿನ ಮಧ್ಯೆ ಸೇಂಟ್ ಕೊಲೊಮಾನ್ ಅಂತ ಒಂದು ಒಂಟಿ ಚರ್ಚಿದೆ. ಹಿಂದೆ ಬೆಟ್ಟ, ಮುಂದೆ ಹಳದಿ ಹೂವು, ಫೋಟೋಗೆ ಅಂತಲೇ ಮಾಡಿಸಿಟ್ಟ ಹಾಗೆ. ಏಳು ಜನ ಮೊಣಕಾಲೆತ್ತರದ ಹುಲ್ಲಿಗೆ ಇಳಿದು ಹಾರಿ, ಕುಣಿದು, ಮಲಗಿ ಫೋಟೋ ತೆಗೆಸಿಕೊಂಡೆವು. ದೂರದಿಂದ ಒಬ್ಬ ವಯಸ್ಸಾದ ರೈತ ಕೂಗಿಕೊಂಡು ಬಂದ. ಅವನ ಭಾಷೆ ನನಗೆ ಅರ್ಧ ಅರ್ಥ ಆಯ್ತು. ಅರ್ಥ ಆಗದವನ ಹಾಗೆ ನಕ್ಕು, ‘ಹೋಗಲೋ ಮುದುಕಾ, ನಿನ್ನ ಹುಲ್ಲೇನು ಚಿನ್ನಾನಾ’ ಅಂತ ಕನ್ನಡದಲ್ಲಿ ಗೊಣಗಿ ಬಂದೆ. ಎಲ್ಲರೂ ನಕ್ಕರು. ಈ ಕಥೆಯನ್ನ ಆಮೇಲೆ ಊರಲ್ಲಿ ದೊಡ್ಡಪ್ಪನಿಗೆ ಹೇಳಿದಾಗ ಅವರು ನಗಲಿಲ್ಲ. ‘ಕೊಯ್ಯೋ ಮೊದಲು ತುಳಿದ ಹುಲ್ಲನ್ನ ದನ ಮೂಸಲ್ಲ ಕಣೋ’ ಅಂದರು, ಅಷ್ಟೇ. ಮಲೆನಾಡಲ್ಲಿ ಹುಟ್ಟಿ ನನಗೆ ಅದು ಗೊತ್ತಿರಬೇಕಿತ್ತು.

ಸರಿ, ಓಟಿನ ವಿಷಯ. ನನ್ನ ಮಟ್ಟಿಗೆ ಆ ಊರಲ್ಲಿ ನೋಡೋಕೆ ಯೋಗ್ಯವಾದದ್ದು ಅದೇ, ಅದರ ಫೋಟೋ ಮಾತ್ರ ತೆಗೆಯೋಕಾಗಲ್ಲ. ಬವೇರಿಯಾದಲ್ಲಿ ಊರಿನ ವಿಷಯಗಳನ್ನ ಊರವರೇ ನೇರ ಓಟಿಗೆ ಹಾಕಿ ತೀರ್ಮಾನ ಮಾಡಬಹುದು. ಪುರಾತನ ಕಾಲದ ಸಂಪ್ರದಾಯ ಏನಲ್ಲ, 1995ರ ಅಕ್ಟೋಬರ್ 1ರಂದು ರಾಜ್ಯದ ಜನಮತಗಣನೆಯಲ್ಲಿ ಗೆದ್ದು ತಂದುಕೊಂಡ ಕಾನೂನು. ಜನರೇ ಸಹಿ ಸಂಗ್ರಹಿಸಿ ಓಟು ಕೇಳಬಹುದು, ಅಥವಾ ಪಂಚಾಯ್ತಿಯೇ ವಿಷಯವನ್ನ ಜನರ ಮುಂದೆ ಇಡಬಹುದು. ಸಣ್ಣ ಊರಲ್ಲಿ ಗೆದ್ದ ಪಕ್ಷಕ್ಕೆ ಬಹುಮತ ಇದ್ದರೆ ಸಾಲದು, ಒಟ್ಟು ಮತದಾರರಲ್ಲಿ ಐದರಲ್ಲೊಂದು ಪಾಲಾದರೂ ಆ ಕಡೆ ಬಿದ್ದಿರಬೇಕು. ಬಂದ ಫಲಿತಾಂಶಕ್ಕೆ ಪಂಚಾಯ್ತಿ ನಿರ್ಣಯದಷ್ಟೇ ಬಲ. ಅರಮನೆ ರಾಜ್ಯದ್ದೇ ಆದರೂ, ಅದರ ಬುಡದಲ್ಲಿರೋ ಊರೇ ಬೇಡ ಅಂತ ನಿರ್ಣಯ ಮಾಡಿದ ಅರ್ಜಿಯನ್ನ ಪ್ಯಾರಿಸ್‌ಗೆ ಹೊತ್ತುಕೊಂಡು ಹೋಗೋದು ಯಾವ ಮಂತ್ರಿಗೂ ಸುಲಭ ಇರಲಿಲ್ಲ. ವರ್ಷಗಟ್ಟಲೆ ತಯಾರಿ, ಪಂಡಿತರ ವರದಿ ಎಲ್ಲ ಆದ ಮೇಲೂ, ಅಂಚೆಯವನು, ಬೇಕರಿಯವಳು, ದನ ಸಾಕೋನು ಹೋಗಿ ಒಂದು ಚೀಟಿಯಲ್ಲಿ ಗುರುತು ಹಾಕೋವರೆಗೆ ಕಾಯಬೇಕಾಯ್ತು. ನನಗೆ ಅಲ್ಲಿ ಓಟಿಲ್ಲ. ಶ್ವಾನ್‌ಗೌದಲ್ಲೇ ಮನೆ ಮಾಡಿದರೂ ಇರಲ್ಲ, ಇಲ್ಲಿ ಸ್ಥಳೀಯ ಮತ ಜರ್ಮನ್ ಮತ್ತು ಯುರೋಪಿಯನ್ ಯೂನಿಯನ್ ನಾಗರಿಕರಿಗೆ ಮಾತ್ರ. ಕೋಟೆ ‘ನಮ್ಮದು’ ಅನ್ನೋರು ಇದನ್ನೂ ನೆನಪಿಟ್ಟುಕೊಳ್ಳಿ.

‘ಜನರನ್ನ ಕೇಳಿದರೆ ಏನೂ ಉಳಿಯಲ್ಲ, ಜನಕ್ಕೆ ಪರಂಪರೆ ಎಲ್ಲ ಅರ್ಥ ಆಗಲ್ಲ’ ಅಂತ ಗ್ರೂಪಲ್ಲಿ ಇನ್ನೊಬ್ಬರು ಬರೆದರು. ಬುದ್ಧಿವಂತರು ಹೇಳೋ ಮಾತೇ ಇದು, ಹಾಗಾಗಿ ಸ್ವಲ್ಪ ನಿಂತು ಉತ್ತರ ಕೊಡಬೇಕು. ಡ್ರೆಸ್ಡೆನ್‌ನಲ್ಲಿ ಹಾಗೇ ಆಯ್ತು ಅಂತ ಅವರ ವಾದ. ಆಯ್ತು, ನಿಜ. ಅಲ್ಲಿನ ಎಲ್ಬೆ ಕಣಿವೆ 2004ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. 2005ರಲ್ಲಿ ನದಿಗೊಂದು ಹೊಸ ಸೇತುವೆ ಬೇಕಾ ಅಂತ ನಗರದವರನ್ನ ಕೇಳಿದರೆ ಓಟು ಹಾಕಿದವರಲ್ಲಿ ಮೂರನೇ ಎರಡರಷ್ಟು ಜನ ಬೇಕು ಅಂದರು. ಯುನೆಸ್ಕೋ ಎಚ್ಚರಿಕೆ ಕೊಟ್ಟಿತು, ಅಪಾಯದ ಪಟ್ಟಿಗೆ ಹಾಕಿತು, ಕೊನೆಗೆ 2009ರಲ್ಲಿ ಪಟ್ಟಿಯಿಂದಲೇ ಕಿತ್ತುಹಾಕಿತು. ಸೇತುವೆ 2013ರಲ್ಲಿ ತೆರೆಯಿತು. ಡ್ರೆಸ್ಡೆನ್ ಇವತ್ತೂ ಅಲ್ಲೇ ಇದೆ, ಪ್ರವಾಸಿಗರೂ ಹೋಗ್ತಿದ್ದಾರೆ. ಪಟ್ಟ ಹೋಯ್ತು, ಸೇತುವೆ ಬಂತು. ಸರಿಯೋ ತಪ್ಪೋ, ದಿನಾ ಆ ನದಿ ದಾಟೋರು ಮಾಡಿಕೊಂಡ ಆಯ್ಕೆ ಅದು.

ಈಗ ಅದೇ ಯುನೆಸ್ಕೋ, ಇನ್ನೊಂದು ಸೇತುವೆ, ನಮ್ಮ ಕಡೆದು. ಹಂಪಿ ಪಟ್ಟಿಗೆ ಸೇರಿದ್ದು 1986ರಲ್ಲಿ. ಆನೆಗೊಂದಿಗೆ ತುಂಗಭದ್ರೆಯ ಮೇಲೆ ಸೇತುವೆ ಕಟ್ಟೋಕೆ ಹೊರಟದ್ದಕ್ಕೆ 1999ರಲ್ಲಿ ಹಂಪಿಯನ್ನ ಅಪಾಯದ ಪಟ್ಟಿಗೆ ಹಾಕಿದರು. ಕೆಲಸ ನಿಂತಿತು. ಆನೆಗೊಂದಿಯವರು ಹರಿಗೋಲಲ್ಲಿ ದಾಟಿದರು, ಇಲ್ಲಾಂದ್ರೆ ಗಂಗಾವತಿ ಮೇಲೆ ಸುತ್ತು ಬಳಸಿ ಹೊಸಪೇಟೆ ಸೇರಿದರು. 2006ರಲ್ಲಿ ಅಪಾಯದ ಪಟ್ಟಿಯಿಂದ ಹಂಪಿ ಹೊರಬಂತು. 2009ರ ಜನವರಿಯಲ್ಲಿ ಆ ಸೇತುವೆ, ಇನ್ನೂ ಕಟ್ಟುತ್ತಿರುವಾಗಲೇ ಕುಸಿದು, ಕೆಲಸಗಾರರು ನೀರುಪಾಲಾದರು. ಇಷ್ಟೂ ವರ್ಷದಲ್ಲಿ ಸೇತುವೆ ಬೇಕಾ, ಬೇಡವಾ, ಬೇಕಾದರೆ ಎಲ್ಲಿ ಅಂತ ಆನೆಗೊಂದಿಯವರ ಮುಂದೆ ಒಂದು ಮತಪೆಟ್ಟಿಗೆ ಇಟ್ಟದ್ದಿದೆಯಾ? 2011ರಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ಎಷ್ಟೋ ಕಾಲದಿಂದ ಸಂಸಾರ ಮಾಡಿಕೊಂಡಿದ್ದವರನ್ನ ಎಬ್ಬಿಸಿದಾಗ ಬಂದದ್ದು ಜೆಸಿಬಿ. ಆಗ ನಾನು ಇಂಜಿನಿಯರಿಂಗ್ ಓದ್ತಿದ್ದೆ. ಪೇಪರಲ್ಲಿ ಫೋಟೋ ನೋಡಿ, ಹಂಪಿ ಕ್ಲೀನ್ ಆಯ್ತು ಬಿಡು ಅಂದುಕೊಂಡವನೇ ನಾನೂ.

ಶ್ವಾನ್‌ಗೌ ಓಟು ಹಾಕಿದ ಅದೇ 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಪಟ್ಟಿಗೆ ಬಂದವು. ಗ್ರೂಪಲ್ಲಿ ಆಗಲೂ ಪಟಾಕಿ ಹೊಡೆದಿದ್ದೆವು, ಹೊಡೆಯಲೇಬೇಕಾದ ಸಂಗತಿಯೇ. ಹಳೇಬೀಡಿನವರಿಗೆ ಓಟು ಕೊಟ್ಟಿದ್ದರೆ ನೂರಕ್ಕೆ ತೊಂಬತ್ತು ಜನ ಬೇಕು ಅಂತಲೇ ಹಾಕ್ತಿದ್ದರೇನೋ. ಆದರೂ ಅವರನ್ನ ಕೇಳಬೇಕು ಅಂತ ನಮ್ಮಲ್ಲಿ ಒಬ್ಬರಿಗೂ, ನನಗೂ ಸೇರಿ, ಹೊಳೆಯಲೇ ಇಲ್ಲ. ಸ್ಥಳೀಯರು ಪಾಲ್ಗೊಳ್ಳಬೇಕು ಅಂತ ಯುನೆಸ್ಕೋ ನಿಯಮಾವಳಿಯಲ್ಲೇ ಇದೆ. ನಾಲ್ಕು ಜನರನ್ನ ಕೂರಿಸಿ ಬಿಸ್ಕತ್ತು ಕೊಟ್ಟು ಮಾಹಿತಿ ಸಭೆ ಮಾಡಿದರೂ ಪಾಲ್ಗೊಂಡ ಹಾಗೇ ಲೆಕ್ಕ.

ಫಾರಿನ್‌ಗೆ ಹೋದವನು ಫಾರಿನ್ ಹೊಗಳ್ತಾನೆ ಅಂತ ನೀವು ಅಂದುಕೊಳ್ಳೋ ಮೊದಲೇ ಹೇಳ್ತೀನಿ, ಇದು ಜರ್ಮನಿಯ ವಿಶೇಷ ಗುಣ ಏನೂ ಅಲ್ಲ. 2013ರಲ್ಲಿ ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ಗಣಿ ಬೇಕಾ ಅಂತ ಸುಪ್ರೀಂ ಕೋರ್ಟ್ ಹೇಳಿ ಹನ್ನೆರಡು ಹಳ್ಳಿಗಳ ಗ್ರಾಮಸಭೆಯನ್ನ ಕೇಳಿಸಿತು. ಹನ್ನೆರಡೂ ಬೇಡ ಅಂದವು. ಗಣಿ ಬರಲಿಲ್ಲ. ಶ್ವಾನ್‌ಗೌಗಿಂತ ಸಣ್ಣ ಸಣ್ಣ ಊರುಗಳು ಅವು. ಅದಕ್ಕೂ ನಮ್ಮ ಕಾಲೇಜಿನ ವಾಟ್ಸಾಪ್ ಗ್ರೂಪಲ್ಲಿ ‘ಡೆವಲಪ್‌ಮೆಂಟ್ ಬೇಡವಂತೆ ಹುಚ್ಚರಿಗೆ’ ಅಂತಲೇ ಬಂದಿತ್ತು. ಊರು ಯಾವುದಾದರೂ ನಮ್ಮ ಬೈಗುಳ ಮಾತ್ರ ಬದಲಾಗಿಲ್ಲ.

ಬೇಕು ಅಂದ 56 ಪರ್ಸೆಂಟ್‌ನವರ ವಾದವೂ ಸಣ್ಣದಲ್ಲ. ಕೋಟೆಯ ಒಳಗೆ ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಪಟ್ಟ ಬಂದ ಮಾತ್ರಕ್ಕೆ ಬಾಗಿಲು ಅಗಲ ಆಗಲ್ಲ. ಸುತ್ತಲಿನ ಬಯಲಿಗೆ ಯಾವನೋ ಬಂದು ಥೀಮ್ ಪಾರ್ಕೋ ಮಾಲೋ ಕಟ್ಟದ ಹಾಗೆ ಅದು ಕಾಪಾಡಬಹುದು. ಈ ವಾದ ನನಗೂ ಒಪ್ಪಿಗೆಯೇ. ಓಟಿದ್ದಿದ್ದರೆ ನಾನು ಯಾವ ಕಡೆ ಹಾಕ್ತಿದ್ದೆನೋ ಪ್ರಾಮಾಣಿಕವಾಗಿ ಗೊತ್ತಿಲ್ಲ. ಆದರೆ ಬೇಕು ಅನ್ನೋದಕ್ಕೆ ಬೆಲೆ ಬಂದದ್ದು ಬೇಡ ಅನ್ನೋ ಜಾಗವೂ ಚೀಟಿಯಲ್ಲಿ ಇದ್ದದ್ದರಿಂದ, ಮತ್ತು ಅಲ್ಲಿ ಗುರುತು ಹಾಕಿದವರನ್ನ ಮಾರನೇ ದಿನ ಯಾರೂ ಊರು ಬಿಡಿಸದೇ ಇದ್ದದ್ದರಿಂದ.

ಈ ವಿಷಯಕ್ಕೆ ನಾನು ಇಷ್ಟು ಉರ್ಕೊಳ್ಳೋಕೆ ಒಂದು ಕಾರಣ ಇದೆ. ದೊಡ್ಡಪ್ಪನ ವಿಷಯ ಹೇಳಿದೆನಲ್ಲ, ಅವರು ಕಳೆದ ಏಪ್ರಿಲ್‌ನಲ್ಲಿ ಇಲ್ಲಿಗೆ ಬಂದಿದ್ದರು, ಪಟ್ಟಿಗೆ ಸೇರೋಕೆ ಮೂರು ತಿಂಗಳು ಮೊದಲು. ನನ್ನ ಏಳನೇ ಟ್ರಿಪ್ ಅವರ ಜೊತೆಗೇ. ಎಪ್ಪತ್ಮೂರು ವಯಸ್ಸು, ಕುದುರೆಗಾಡಿ ಬೇಡ ಅಂತ ನಡೆದೇ ಹತ್ತಿದರು. ಕೋಟೆಯ ಹಿಂದಿನ ಕಮರಿಗೆ ಅಡ್ಡ ಒಂದು ಸೇತುವೆ ಇದೆ, ಮರೀನ್‌ಬ್ರ್ಯೂಕೆ ಅಂತ. ನೀವು ನೋಡಿರೋ ಆ ಪೋಸ್ಟ್‌ಕಾರ್ಡ್ ಚಿತ್ರ ಅಲ್ಲಿಂದಲೇ ತೆಗೆಯೋದು. ಎಲ್ಲರೂ ಕೋಟೆ ಕಡೆ ಫೋನ್ ಎತ್ತಿದ್ದರು. ದೊಡ್ಡಪ್ಪ ಕೋಟೆ ದಾಟಿ ಆಚೆ ಬಯಲನ್ನ ನೋಡ್ತಾ ನಿಂತಿದ್ದರು.

‘ಅದೇನೋ ಅಲ್ಲಿ, ಬತ್ತಿದ ಕೆರೆನಾ?’

ಫೋರ್ಗೆನ್‌ಸೇ ಅದು. ಲೆಖ್ ನದಿಗೆ ಅಣೆಕಟ್ಟು ಹಾಕಿ 1954ರ ಹೊತ್ತಿಗೆ ತುಂಬಿಸಿದ ಜಲಾಶಯ. ಫೋರ್ಗೆನ್ ಅನ್ನೋ ಕೇರಿ ಮುಳುಗಿತು, ಅದರ ಹೆಸರನ್ನೇ ನೀರಿಗೆ ಇಟ್ಟರು. ಚಳಿಗಾಲದಲ್ಲಿ ನೀರು ಇಳಿಸ್ತಾರೆ, ಬೇಸಿಗೆಗೆ ಮತ್ತೆ ತುಂಬತ್ತೆ. ಮಧ್ಯೆ ಕೆಸರು ನೆಲ ಬಿಚ್ಚಿಕೊಂಡು ಹಳೇ ರೋಮನ್ ರಸ್ತೆಯ ಗುರುತು ಕೂಡ ಕಾಣತ್ತೆ. ನನಗೆ ಗೊತ್ತಿದ್ದಷ್ಟು ಹೇಳಿದೆ.

ದೊಡ್ಡಪ್ಪ ಹುಟ್ಟಿದ ಊರು ಶರಾವತಿ ಹಿನ್ನೀರಿನ ಕೆಳಗಿದೆ. ಲಿಂಗನಮಕ್ಕಿ ತುಂಬಿದಾಗ ಅವರಿಗೆ ಹನ್ನೆರಡು ವರ್ಷ. ಲಾರಿಯಲ್ಲಿ ಪಾತ್ರೆ, ಬಾಗಿಲ ಚೌಕಟ್ಟು, ಎರಡು ಎಮ್ಮೆ ಹೇರಿಕೊಂಡು ಸಾಗರದ ಆಚೆ ಯಾವುದೋ ಕಾಡಿನ ಅಂಚಿಗೆ ಬಂದು ಇಳಿದ ಕಥೆಯನ್ನ ನಾವು ಮಕ್ಕಳು ಮಳೆಗಾಲದ ರಾತ್ರಿಗಳಲ್ಲಿ ದೆವ್ವದ ಕಥೆ ಕೇಳೋ ಹಾಗೆ ಕೇಳಿದ್ದೀವಿ. ಬೇಸಿಗೆಯಲ್ಲಿ ನೀರು ಪೂರ್ತಿ ಇಳಿದ ವರ್ಷ ಮಡೆನೂರಿನ ಹಳೇ ಅಣೆಕಟ್ಟು ಮೇಲೆ ಕಾಣತ್ತೆ. ಹುಡುಗರು ಬೈಕಲ್ಲಿ ಹೋಗಿ ರೀಲ್ ಮಾಡ್ತಾರೆ. ದೊಡ್ಡಪ್ಪ ಒಂದು ಸಲ ಮಾತ್ರ ಹೋಗಿದ್ದಾರೆ. ಮನೆಯ ಜಾಗ ಸಿಗಲಿಲ್ಲವಂತೆ, ಭಾವಿಯ ಕಟ್ಟೆ ಸಿಕ್ಕಿತಂತೆ.

ಸೇತುವೆ ಮೇಲೆ ನಮ್ಮ ಹಿಂದೆ ಸಾಲು ಬೆಳೀತಿತ್ತು. ಸೆಲ್ಫಿ ಕೋಲು ಹಿಡಿದವನೊಬ್ಬ ಸರೀರಿ ಅಂತ ಸನ್ನೆ ಮಾಡಿದ. ದೊಡ್ಡಪ್ಪನ ಕೈ ಹಿಡಿದು ಪಕ್ಕಕ್ಕೆ ಕರಕೊಂಡೆ.

‘ಆ ಮುಳುಗಿದ ಕೇರಿಯವರನ್ನ ಎಲ್ಲಿಗೆ ಕಳಿಸಿದರಂತೆ? ಜಮೀನು ಕೊಟ್ಟರಾ, ದುಡ್ಡು ಕೊಟ್ಟರಾ?’

ಗೊತ್ತಿಲ್ಲ ದೊಡ್ಡಪ್ಪ, ಅಂದೆ.

‘ಇಷ್ಟು ಸಲ ಬಂದಿದೀಯ, ಕೇಳಲಿಲ್ವಾ ಯಾರನ್ನೂ?’

ಒಳಗೆ ಹೋಗೋ ಟಿಕೆಟ್ಟಿನ ಸಮಯ ಆಗಿತ್ತು. ಇಳಿಯೋವಾಗ ಅವರು ಮತ್ತೆರಡು ಸಲ ನಿಂತು ಆ ಕೆಸರಿನ ಬಯಲನ್ನ ನೋಡಿದರು. ಸಂಜೆ ಫ್ಯೂಸೆನ್ ಬಸ್ಸಿಗೆ ಕಾಯ್ತಾ ನಾನು ಅವರ ಒಂದು ಫೋಟೋ ತೆಗೆದೆ. ಅದರಲ್ಲಿ ಕೋಟೆ ಬಂದಿಲ್ಲ.